ಮೈಕ್ರೋಬಯಾಲಜಿ ಓದಿ ಫುಡ್ ಸೈನ್ಸಿಗೆ ಹೋದ ಕಥೆ

ನಾನು ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿ, ಅಂದರೆ ಬ್ಯಾಕ್ಟೀರಿಯಾದಂತಹ ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದಿದೆ, ಎಂ.ಎಸ್ಸಿ.ಯಲ್ಲಿ ಫುಡ್ ಸೈನ್ಸ್. ಈಗ ಬೆಂಗಳೂರಿನ ಒಂದು ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಕೆಲಸ. ಪಿಯುಸಿ ಫಲಿತಾಂಶ ಬಂದ ವಾರದಿಂದ ಊರಿನ ಫೋನುಗಳು ಶುರುವಾಗುತ್ತವೆ. "ಎರಡೂ ಒಂದೇ ಅಲ್ವಾ? ಮಗಳನ್ನ ಯಾವುದಕ್ಕೆ ಸೇರಿಸೋದು ಹೇಳು" ಅಂತ. ಒಂದೇ ಅಲ್ಲ. ಆದರೆ ಯಾಕೆ ಅಲ್ಲ ಅನ್ನುವುದನ್ನು ಫೋನಿನಲ್ಲಿ ಹೇಳಲು ಹೋದರೆ ಎರಡೂ ಕಡೆ ತಲೆ ಕೆಡುತ್ತದೆ. ಅದಕ್ಕೇ ನಾನು ಹೇಗೆ ಓದಿದೆ, ಎಲ್ಲಿ ಏನು ಕಲಿಸಿದರು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

2014ರಲ್ಲಿ ದಾವಣಗೆರೆಯಲ್ಲಿ ಪಿಯುಸಿ ಮುಗಿಯಿತು. ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಮೆಡಿಕಲ್ ಸೀಟು ಕನಸಿನ ಮಾತು. ಇಂಜಿನಿಯರಿಂಗ್ ನನಗೆ ಬೇಡವಾಗಿತ್ತು, ಅಪ್ಪನ ಜೇಬಿಗೂ ಬೇಡವಾಗಿತ್ತು. ಡಿಗ್ರಿ ಕಾಲೇಜಿನ ಕೌಂಟರಿಗೆ ಹೋದರೆ ಕಾಂಬಿನೇಶನ್ ಪಟ್ಟಿ ಗೋಡೆಗೆ ಅಂಟಿಸಿದ್ದರು. ನಾನು ಕೇಳಿದ್ದು ಸಿಬಿಝಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝೂಆಲಜಿ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಅದು ಫುಲ್ ಆಗೈತಮ್ಮ. ಸಿಬಿಎಂ ತಗೋತೀಯಾ? ಕೆಮಿಸ್ಟ್ರಿ, ಬಾಟನಿ, ಮೈಕ್ರೋಬಯಾಲಜಿ. ಲ್ಯಾಬ್ ಫೀಸು ಸ್ವಲ್ಪ ಜಾಸ್ತಿ" ಅಂದರು. ಅಪ್ಪ "ಅದರಾಗೆ ಏನ್ ಕೆಲಸ ಸಿಗ್ತದೆ ಸಾರ್?" ಅಂತ ಕೇಳಿದರು. "ಲ್ಯಾಬಿನಾಗೆ" ಅಂದರು ಗುಮಾಸ್ತರು. ಅಷ್ಟು ಸಾಕಾಯಿತು. ಅಪ್ಪನಿಗೆ ಗೊತ್ತಿದ್ದ ಲ್ಯಾಬು ರಕ್ತ ಪರೀಕ್ಷೆಯದ್ದು. ಅಜ್ಜಿ ಬೀದಿಗೆಲ್ಲಾ ಅದನ್ನೇ ಹೇಳಿಕೊಂಡು ಬಂದರು. ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಪಕ್ಕದ ಮನೆಯವರು ಶುಗರ್ ರಿಪೋರ್ಟು ಹಿಡಿದುಕೊಂಡು ಬಂದು "ನೋಡವ್ವ, ಇದು ಜಾಸ್ತಿನಾ?" ಅಂತ ಕೇಳುತ್ತಿದ್ದರು.

ಬಿ.ಎಸ್ಸಿ. ಬಗ್ಗೆ ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ನಾವು ಓದುವಾಗ ಮೂರು ವಿಷಯಕ್ಕೂ ಸಮ ತೂಕ ಇತ್ತು. ಅಂದರೆ ಮೈಕ್ರೋಬಯಾಲಜಿ ಡಿಗ್ರಿ ಅಂತ ನಾವು ಹೇಳಿಕೊಳ್ಳುವುದರಲ್ಲಿ ಮೈಕ್ರೋಬಯಾಲಜಿ ಮೂರನೇ ಒಂದು ಪಾಲು ಮಾತ್ರ. ಉಳಿದದ್ದು ಟೈಟ್ರೇಶನ್, ಹೂವು ಕೊಯ್ದು ನೋಡುವುದು, ಜೊತೆಗೆ ಭಾಷೆಯ ಪೇಪರುಗಳು. ಆಗ ಇದು ಬೇಸರ ತರಿಸುತ್ತಿತ್ತು. ಈಗ ನೋಡಿದರೆ ಕೆಮಿಸ್ಟ್ರಿ ಇದ್ದದ್ದೇ ನನಗೆ ಮುಂದಿನ ಬಾಗಿಲು ತೆರೆದದ್ದು. ಫುಡ್ ಕಡೆಯ ಎಂ.ಎಸ್ಸಿ.ಗೆ ಹಲವು ಕಡೆ ಕೆಮಿಸ್ಟ್ರಿಯನ್ನೋ ಬಯೋಕೆಮಿಸ್ಟ್ರಿಯನ್ನೋ ಕೇಳುತ್ತಾರೆ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು. ಇಂಗ್ಲಿಷಿನ ಏಟು ಪಿಯುಸಿಯಲ್ಲೇ ತಿಂದಿದ್ದೆ. ಡಿಗ್ರಿಯಲ್ಲಿ ಕಾಡಿದ್ದು ಲ್ಯಾಟಿನ್. ಸ್ಟ್ಯಾಫಿಲೊಕಾಕಸ್ ಆರಿಯಸ್, ಕ್ಲಾಸ್ಟ್ರಿಡಿಯಂ ಬೊಟ್ಯುಲಿನಂ. ರೆಕಾರ್ಡ್ ಬುಕ್ಕಿನಲ್ಲಿ ಮೊದಲ ಹೆಸರಿನ ಮೊದಲ ಅಕ್ಷರ ದೊಡ್ಡದು, ಎರಡನೇ ಹೆಸರು ಪೂರ್ತಿ ಸಣ್ಣಕ್ಷರ, ಎರಡಕ್ಕೂ ಕೆಳಗೆ ಬೇರೆ ಬೇರೆ ಗೆರೆ. ಒಂದೇ ಉದ್ದ ಗೆರೆ ಎಳೆದರೂ ಮೇಡಂ ಕೆಂಪು ಸುತ್ತು ಹಾಕುತ್ತಿದ್ದರು. ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಅನ್ನುವ ವ್ಯತ್ಯಾಸ ಈ ಹೆಸರುಗಳ ಮುಂದೆ ನಡೆಯಲಿಲ್ಲ. ಎಲ್ಲರಿಗೂ ಅಷ್ಟೇ ಕಷ್ಟ!

ಲ್ಯಾಬಿನ ನಿಜವಾದ ಮೇಷ್ಟ್ರು ಅಂದರೆ ನಮ್ಮ ಅಟೆಂಡರ್ ಅಣ್ಣ. ಆಟೊಕ್ಲೇವ್, ಅಂದರೆ ಹಬೆಯ ಒತ್ತಡದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ದೊಡ್ಡ ಕುಕ್ಕರಿನಂತಹ ಯಂತ್ರ, ಅವರ ಕೈಯಲ್ಲಿತ್ತು. ಬ್ಯಾಕ್ಟೀರಿಯಾ ಬೆಳೆಸಲು ಹಾಕುವ ಆಹಾರ (ಮೀಡಿಯಾ), ಅದನ್ನು ಸುರಿಯುವ ಪ್ಲೇಟು, ಪಿಪೆಟ್ ಎಲ್ಲವೂ ಮೊದಲು ಅದರೊಳಗೆ ಬೇಯಬೇಕು. 121 ಡಿಗ್ರಿ, 15 ಪೌಂಡ್ ಒತ್ತಡ, 15 ನಿಮಿಷ ಅಂತ ಪುಸ್ತಕದಲ್ಲಿ ಬಾಯಿಪಾಠ ಮಾಡಿರುತ್ತೇವೆ. ಹಬೆ ಬರಲು ಶುರುವಾದ ಕೂಡಲೇ ವಾಲ್ವ್ ಮುಚ್ಚಲು ಹೋದ ಹುಡುಗನ ಕೈ ಹಿಡಿದು ಅಣ್ಣ, "ತಡಿಯಪ್ಪ, ಒಳಗಿನ ಗಾಳಿ ಪೂರ್ತಿ ಹೋಗ್ಲಿ. ಗಾಳಿ ಉಳಿದ್ರೆ ಮುಳ್ಳು 15 ತೋರಿಸ್ತದೆ, ಒಳಗೆ 121 ಇರಲ್ಲ" ಅಂದರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಒತ್ತಡ ತೋರಿಸುವ ಮುಳ್ಳು ಬೇರೆ, ಬಿಸಿ ಬೇರೆ ಅನ್ನುವ ಈ ಮಾತು ಎಂ.ಎಸ್ಸಿ.ಯಲ್ಲಿ ಡಬ್ಬಿ ಆಹಾರವನ್ನು ಒತ್ತಡದಲ್ಲಿ ಬೇಯಿಸುವ ರಿಟಾರ್ಟ್ ಯಂತ್ರದ ಬಗ್ಗೆ ಕಲಿಯುವಾಗ ಮತ್ತೆ ಬಂತು. ಅಲ್ಲೂ ಮೊದಲ ಪಾಠ ಅದೇ. ಗಾಳಿ ಹೊರಗೆ ಹಾಕು, ಇಲ್ಲದಿದ್ದರೆ ಮೂಲೆಯ ಡಬ್ಬಿ ಸರಿಯಾಗಿ ಬೇಯುವುದಿಲ್ಲ, ಅದರಲ್ಲಿ ವಿಷ ಮಾಡುವ ಬೊಟ್ಯುಲಿನಂ ಬ್ಯಾಕ್ಟೀರಿಯಾದ ಬೀಜಾಣು ಉಳಿಯಬಹುದು.

ಮೊದಲ ವರ್ಷದ ಗ್ರಾಂ ಸ್ಟೇನಿಂಗ್ ಮರೆಯುವ ಹಾಗಿಲ್ಲ. ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ಬೇರೆ ಮಾಡುವುದು. 1884ರಲ್ಲಿ ಕ್ರಿಶ್ಚಿಯನ್ ಗ್ರಾಂ ಅನ್ನುವ ಡೆನ್ಮಾರ್ಕಿನ ವೈದ್ಯರು ಪ್ರಕಟಿಸಿದ ವಿಧಾನ. ಇವತ್ತಿಗೂ ಬಹುತೇಕ ಹಾಗೇ ಮಾಡುತ್ತೇವೆ. ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಸ್ಪಿರಿಟ್ ದೀಪದ ಮೇಲೆ ಆಡಿಸಿ, ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ. ಆಮೇಲೆ ಆಲ್ಕೋಹಾಲ್. ಎಲ್ಲಾ ಆಟ ಇರುವುದು ಇಲ್ಲೇ. ಕೆಲವೇ ಸೆಕೆಂಡು. ಜಾಸ್ತಿ ಬಿಟ್ಟರೆ ನೇರಳೆಯಾಗಿ ಉಳಿಯಬೇಕಾದದ್ದೂ ತೊಳೆದು ಹೋಗುತ್ತದೆ, ಕಡಿಮೆ ಬಿಟ್ಟರೆ ತೊಳೆಯಬೇಕಾದದ್ದು ಉಳಿಯುತ್ತದೆ. ಕೊನೆಗೆ ಸ್ಯಾಫ್ರನಿನ್ ಹಾಕಿದರೆ ಬಣ್ಣ ಬಿಟ್ಟುಕೊಟ್ಟವು ಗುಲಾಬಿ ಆಗುತ್ತವೆ. ಮೇಡಂ ಮನೆಯಿಂದ ಮೊಸರು ತರಲು ಹೇಳಿದ್ದರು. ಸೀಡರ್‌ವುಡ್ ಎಣ್ಣೆಯ ಒಂದು ಹನಿ, ನೂರರ ಲೆನ್ಸು, ನಿಧಾನವಾಗಿ ಸ್ಕ್ರೂ ತಿರುಗಿಸಿದರೆ ಮಸುಕು ಸರಿದು ನೇರಳೆ ಕಡ್ಡಿಗಳು, ಮಣಿ ಪೋಣಿಸಿದಂತಹ ಸರಗಳು. ದಿನಾ ಅನ್ನಕ್ಕೆ ಕಲಸಿಕೊಳ್ಳುವ ಮೊಸರು! ಅವತ್ತು ರಾತ್ರಿ ಮನೆಯಲ್ಲಿ ಹೇಳಿದೆ. ಅಜ್ಜಿ "ಹುಳಾನಾ? ನನಗೆ ಮಜ್ಜಿಗೆ ಬೇಡ ಬಿಡು" ಅಂದರು. ಎರಡು ದಿನ ಮುನಿಸು, ಆಮೇಲೆ ಮತ್ತೆ ಮಜ್ಜಿಗೆ.

ಎರಡನೇ ವರ್ಷ ಎಣಿಸುವುದನ್ನು ಕಲಿತೆವು. ಮಾದರಿಯನ್ನು ಹತ್ತಕ್ಕೆ ಒಂದರಂತೆ ತೆಳು ಮಾಡುತ್ತಾ ಹೋಗುವುದು. ಪ್ಲೇಟಿಗೆ ಹಾಕಿ, ಇನ್‌ಕ್ಯುಬೇಟರಿನಲ್ಲಿಟ್ಟು, ಬೆಳೆದ ಚುಕ್ಕಿಗಳನ್ನು ಲೆಕ್ಕ ಹಾಕುವುದು. ಮೂವತ್ತಕ್ಕಿಂತ ಕಡಿಮೆ ಇದ್ದರೆ ಲೆಕ್ಕ ನಂಬುವ ಹಾಗಿಲ್ಲ, ಮುನ್ನೂರಕ್ಕಿಂತ ಜಾಸ್ತಿ ಇದ್ದರೆ ಒಂದರ ಮೇಲೊಂದು ಬಿದ್ದು ಎಣಿಸಲು ಬರುವುದಿಲ್ಲ. ಉಳಿದ ಪಠ್ಯ ವೈರಸ್ಸು, ಇಮ್ಯುನಾಲಜಿ, ಮಣ್ಣು, ಜೆನೆಟಿಕ್ಸ್ ಅಂತ ಓಡಿತು. ಇಮ್ಯುನಾಲಜಿಯನ್ನು ಬೋರ್ಡಿನ ಮೇಲೇ ಓದಿದೆವು, ಕಿಟ್ಟು ಕೊಳ್ಳಲು ಕಾಲೇಜಿನಲ್ಲಿ ಹಣ ಇರಲಿಲ್ಲ. ಇದು ನಮ್ಮ ಕಾಲೇಜಿನ ಕಥೆ ಮಾತ್ರ ಅಲ್ಲ ಅಂತ ಆಮೇಲೆ ಮೈಸೂರಿನಲ್ಲಿ ಬೇರೆ ಬೇರೆ ಜಿಲ್ಲೆಯಿಂದ ಬಂದವರ ಬಾಯಲ್ಲಿ ಕೇಳಿದೆ.

ಫುಡ್ ಮೈಕ್ರೋಬಯಾಲಜಿ ಬಂದದ್ದು ಕೊನೆಯ ವರ್ಷ, ಅದೂ ಒಂದೇ ಪೇಪರು. ಪ್ರಾಕ್ಟಿಕಲ್‌ಗೆ ಹಾಲು. ಹತ್ತು ಎಂಎಲ್ ಹಾಲಿಗೆ ಒಂದು ಎಂಎಲ್ ಮಿಥಿಲೀನ್ ಬ್ಲೂ ಹಾಕಿ, 37 ಡಿಗ್ರಿಯ ನೀರಿನಲ್ಲಿ ಇಟ್ಟು ಕಾಯುವುದು. ಹಾಲಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಮಾಯ. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಹಾಲು ಕೆಳ ದರ್ಜೆ, ಐದು ಗಂಟೆ ದಾಟಿಯೂ ನೀಲಿ ಇದ್ದರೆ ಬಹಳ ಒಳ್ಳೆಯದು. ನಮ್ಮ ಬ್ಯಾಚಿನಲ್ಲಿ ಹಾಲಿನ ವ್ಯಾಪಾರ ಮಾಡುವ ಮನೆಯ ಹುಡುಗ ಒಬ್ಬನಿದ್ದ. ಅವನ ಟ್ಯೂಬಿನ ಮುಂದೆ ಇಡೀ ಕ್ಲಾಸೇ ಗಡಿಯಾರ ಹಿಡಿದು ನಿಂತಿತ್ತು. ನೀಲಿ ಉಳಿಯಿತು, ಮಾನ ಉಳಿಯಿತು. ನನಗೆ ಆ ಪೇಪರು ಹಿಡಿಸಿತು. ಬ್ಯಾಕ್ಟೀರಿಯಾ ಇದೆ ಅಂತ ಹೇಳಿ ಸುಮ್ಮನಾಗದೆ, ಈ ಹಾಲನ್ನು ತಗೋಬೇಕಾ ಬೇಡವಾ ಅಂತ ಹೇಳುವ ಪೇಪರು ಅದೊಂದೇ ಅನ್ನಿಸಿತು.

2017ರಲ್ಲಿ ಮುಂದೇನು ಅಂತ ಹುಡುಕತೊಡಗಿದೆ. ಮೈಕ್ರೋಬಯಾಲಜಿಯಲ್ಲೇ ಎಂ.ಎಸ್ಸಿ. ಮಾಡಲು ದಾರಿ ಸುಲಭ. ದಾವಣಗೆರೆಯಲ್ಲೇ ಇತ್ತು, ಶಂಕರಘಟ್ಟದಲ್ಲಿ ಇತ್ತು. ಫುಡ್ ಅಂದರೆ ನಮ್ಮ ಕಡೆಯವರಿಗೆ ಮೈಸೂರು. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಲ್ಲಿದೆ. ಸೈನ್ಯಕ್ಕೆ ಊಟ ಕಟ್ಟಿಕೊಡುವ ಸಂಶೋಧನೆ ಮಾಡುತ್ತಿದ್ದ ಡಿಎಫ್‌ಆರ್‌ಎಲ್ ಕೂಡ ಆಗ ಅಲ್ಲೇ ಇತ್ತು. ಸಿಎಫ್‌ಟಿಆರ್‌ಐ ಎಂ.ಎಸ್ಸಿ.ಗೆ ದೇಶದ ಎಲ್ಲಾ ಕಡೆಯಿಂದ ಅರ್ಜಿ ಬರುತ್ತವೆ, ಸೀಟು ಕೈಬೆರಳೆಣಿಕೆ. ನನಗೆ ಸಿಗಲಿಲ್ಲ. ಅದೇ ಊರಿನಲ್ಲಿ ಇನ್ನೊಂದು ಕಡೆ ಸಿಕ್ಕಿತು.

ಈ ಹಂತದಲ್ಲೇ ನನಗೆ ಗೊತ್ತಾದ ಇನ್ನೊಂದು ವಿಷಯ. ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ ಅಂತ ಬಿ.ಟೆಕ್. ಇವೆ. ನಾಲ್ಕು ವರ್ಷ, ಪಿಯುಸಿ ಮುಗಿದ ಕೂಡಲೇ ಸಿಇಟಿ ಮೂಲಕ ಸೇರಬೇಕು. ಹೆಬ್ಬಾಳದಲ್ಲಿ ಡೈರಿ ಸೈನ್ಸ್ ಕಾಲೇಜೇ ಇದೆ. ಅಲ್ಲಿ ಶಾಖ ಹೇಗೆ ಹರಿಯುತ್ತದೆ, ಪಂಪು ಹೇಗೆ ಕೆಲಸ ಮಾಡುತ್ತದೆ, ಹಾಲನ್ನು ಪುಡಿ ಮಾಡುವ ಗೋಪುರ ಹೇಗೆ ಕಟ್ಟುತ್ತಾರೆ ಅನ್ನುವುದೆಲ್ಲಾ ಕಲಿಸುತ್ತಾರೆ. ಅಂದರೆ ಅದು ಇಂಜಿನಿಯರಿಂಗ್. ಗಣಿತ ಬೇಕು. ಬಿ.ಎಸ್ಸಿ. ಓದಿ ಬಂದ ನಮಗೆ ಆ ದಾರಿ ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ. ಕಾರ್ಖಾನೆ ನಡೆಸುವ ಆಸೆ ಇರುವ ಮಕ್ಕಳು ಪಿಯುಸಿಯಲ್ಲೇ ಇದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು. ನಮ್ಮ ಕಾಲೇಜಿನಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಮೈಸೂರಿನ ಮೊದಲ ವಾರ ಬೇರೆ ದೇಶಕ್ಕೆ ಹೋದ ಹಾಗಿತ್ತು. ನನ್ನ ಕ್ಲಾಸಿನ ಅರ್ಧ ಜನ ಹೋಂ ಸೈನ್ಸ್ ಓದಿದವರು. ರಾಗಿಯ ಕ್ಯಾಲ್ಸಿಯಂ ಎಷ್ಟು, ತೊಗರಿಬೇಳೆಯ ಪ್ರೋಟೀನ್ ಎಷ್ಟು ಅಂತ ಬಾಯಲ್ಲೇ ಹೇಳುತ್ತಿದ್ದರು. ನಾನು ಚಮಚ ಕಂಡರೂ ದೀಪದ ಮೇಲೆ ಸುಡಲು ಹೊರಡುವವಳು. "ಇದು ಅಡುಗೆಮನೆ ಕಣೇ, ನಿನ್ನ ಲ್ಯಾಬ್ ಅಲ್ಲ" ಅಂತ ನಗುತ್ತಿದ್ದರು. ನಿಜಕ್ಕೂ ಲ್ಯಾಬಿನ ಒಂದು ಭಾಗ ಅಡುಗೆಮನೆಯೇ. ಮೊದಲ ಪ್ರಾಕ್ಟಿಕಲ್ ಆಲೂಗಡ್ಡೆ. ಹೋಳುಗಳನ್ನು ಕುದಿಯುವ ನೀರಿನಲ್ಲಿ ಅದ್ದಿ, ನಿಮಿಷಕ್ಕೊಮ್ಮೆ ಒಂದು ಹೋಳು ತೆಗೆದು, ಅದರ ಮೇಲೆ ಗ್ವಾಯಕಾಲ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಿಡುವುದು. ಕಂದು ಬಣ್ಣ ಬಂದರೆ ಪೆರಾಕ್ಸಿಡೇಸ್ ಅನ್ನುವ ಕಿಣ್ವ ಇನ್ನೂ ಸತ್ತಿಲ್ಲ. ಬ್ಯಾಕ್ಟೀರಿಯಾ ಒಂದೂ ಇಲ್ಲದಿದ್ದರೂ ಆ ಕಿಣ್ವ ಉಳಿದರೆ ಸಾಕು, ಫ್ರೀಜರಿನಲ್ಲಿಟ್ಟ ತರಕಾರಿ ಕೂಡ ಬಣ್ಣ ರುಚಿ ಕಳೆದುಕೊಳ್ಳುತ್ತದೆ. ಮೂರು ವರ್ಷ ನಾನು ಕೆಡುವುದು ಅಂದರೆ ಬ್ಯಾಕ್ಟೀರಿಯಾ ಅಂತಲೇ ಓದಿಕೊಂಡು ಬಂದಿದ್ದೆ.

ಎರಡು ಓದಿಗೂ ಇರುವ ವ್ಯತ್ಯಾಸ ನನಗೆ ಸರಿಯಾಗಿ ಅರ್ಥವಾಗಿದ್ದು ಮಂಡಕ್ಕಿಯಿಂದ. ನಾನು ದಾವಣಗೆರೆಯವಳು, ಮಂಡಕ್ಕಿ ಭಟ್ಟಿಗಳ ಊರಿನವಳು. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸಡಿಲ ಇದ್ದರೆ ಮಂಡಕ್ಕಿ ಮೆತ್ತಗಾಗುತ್ತದೆ ಅನ್ನುವುದನ್ನು ಯಾರೂ ಕಲಿಸಬೇಕಿಲ್ಲ. ಎಂ.ಎಸ್ಸಿ.ಯಲ್ಲಿ ಅದಕ್ಕೊಂದು ಪ್ರಾಕ್ಟಿಕಲ್. ಗಾಜಿನ ಡೆಸಿಕೇಟರುಗಳ ತಳದಲ್ಲಿ ಬೇರೆ ಬೇರೆ ಉಪ್ಪಿನ ಗಟ್ಟಿ ದ್ರಾವಣ. ಮೆಗ್ನೀಸಿಯಂ ಕ್ಲೋರೈಡ್ ಇಟ್ಟರೆ ಒಳಗಿನ ಗಾಳಿಯ ತೇವ ಸುಮಾರು 33 ಶೇಕಡಾದಲ್ಲಿ ನಿಲ್ಲುತ್ತದೆ. ಮೆಗ್ನೀಸಿಯಂ ನೈಟ್ರೇಟ್ ಇಟ್ಟರೆ ಸುಮಾರು 53. ಅಡುಗೆ ಉಪ್ಪು ಇಟ್ಟರೆ 75. ಮೇಲೆ ಜಾಲರಿಯಲ್ಲಿ ತೂಕ ಮಾಡಿದ ಮಂಡಕ್ಕಿ. ದಿನಾ ತೆಗೆದು ತೂಗುವುದು, ಒಂದೆರಡು ಕಾಳು ಬಾಯಿಗೆ ಹಾಕಿಕೊಳ್ಳುವುದು.

33ರಲ್ಲಿ ಇದ್ದದ್ದು ಕರಕರ. 53ರಲ್ಲಿ ಇದ್ದದ್ದು ಹಲ್ಲಿಗೆ ಚರ್ಮದ ಹಾಗೆ ಸಿಕ್ಕಿತು. ನನ್ನ ಬಿ.ಎಸ್ಸಿ. ಬುದ್ಧಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಆಹಾರದಲ್ಲಿ ಈ ಜೀವಿಗಳ ಬಳಕೆಗೆ ಸಿಗುವ ನೀರಿನ ಅಳತೆಗೆ ನೀರಿನ ಚಟುವಟಿಕೆ ಅನ್ನುತ್ತಾರೆ, 53 ಶೇಕಡಾ ತೇವ ಅಂದರೆ 0.53. ಅದು 0.6ಕ್ಕಿಂತ ಕೆಳಗೆ ಇದ್ದರೆ ಬ್ಯಾಕ್ಟೀರಿಯಾ ಇರಲಿ, ಬೂಷ್ಟು ಕೂಡ ಬೆಳೆಯುವುದಿಲ್ಲ. ಪ್ಲೇಟಿಗೆ ಹಾಕಿದರೆ ಲೆಕ್ಕ ಮೊದಲಿನಷ್ಟೇ ಬರುತ್ತದೆ. ಆದರೆ ದಾವಣಗೆರೆಯಲ್ಲಿ ಮಿರ್ಚಿ ಜೊತೆ ಆ ಮಂಡಕ್ಕಿ ಕೊಟ್ಟರೆ ಪ್ಲೇಟು ವಾಪಸ್ ಬರುತ್ತದೆ. ಮೈಕ್ರೋಬಯಾಲಜಿ ಪ್ರಕಾರ ಅದು ಕೆಟ್ಟಿಲ್ಲ, ಫುಡ್ ಸೈನ್ಸ್ ಪ್ರಕಾರ ಅದರ ಆಯಸ್ಸು ಮುಗಿದಿದೆ. ಇದರ ತಿರುವುಮುರುವೂ ಉಂಟು. ಬಣ್ಣ, ವಾಸನೆ, ರುಚಿ ಎಲ್ಲಾ ಚೆನ್ನಾಗಿರುವ ಹಸಿ ಹಾಲಿನಲ್ಲಿ ಜ್ವರ ತರುವ ಬ್ಯಾಕ್ಟೀರಿಯಾ ಇರಬಹುದು. ಒಂದು ಓದು ಒಳಗೆ ಯಾರಿದ್ದಾರೆ ಅಂತ ಕೇಳುತ್ತದೆ. ಇನ್ನೊಂದು, ತಿನ್ನುವವನು ಎಲ್ಲಿಯವರೆಗೆ ಇದನ್ನು ಒಪ್ಪುತ್ತಾನೆ ಅಂತ ಕೇಳುತ್ತದೆ. ಎರಡಕ್ಕೂ ಉತ್ತರ ಗೊತ್ತಿಲ್ಲದೆ ಪ್ಯಾಕೆಟ್ಟಿನ ಮೇಲೆ ತಾರೀಖು ಹಾಕುವ ಹಾಗಿಲ್ಲ.

ತಿನ್ನುವವನನ್ನು ಕೇಳುವುದೂ ಒಂದು ಶಾಸ್ತ್ರ ಅಂತ ಸೆನ್ಸರಿ ಪೇಪರಿನಲ್ಲಿ ಕಲಿತೆ. ನಾವು ಸಕ್ಕರೆ ಕಡಿಮೆ ಮಾಡಿ ಬೆಲ್ಲ ಸೇರಿಸಿದ ರಾಗಿ ಬಿಸ್ಕತ್ತು ಮಾಡಿದ್ದೆವು. ಜನಕ್ಕೆ ವ್ಯತ್ಯಾಸ ಗೊತ್ತಾಗುತ್ತದಾ ಅನ್ನುವುದು ಪ್ರಶ್ನೆ. ಮೂರು ತಟ್ಟೆ, ಪ್ರತಿಯೊಂದಕ್ಕೂ ಮೂರಂಕಿಯ ಕೋಡು, ಎರಡು ಒಂದೇ ಬಿಸ್ಕತ್ತು, ಒಂದು ಬೇರೆ. ಯಾವುದು ಬೇರೆ ಹೇಳಿ, ಅಷ್ಟೇ. ಬೆಲ್ಲದ ಬಣ್ಣ ಗುಟ್ಟು ಬಿಟ್ಟುಕೊಡಬಾರದು ಅಂತ ಬೂತಿನಲ್ಲಿ ಕೆಂಪು ಬಲ್ಬು. ಸುಮ್ನೆ ಊಹೆ ಮಾಡಿದರೂ ಮೂರರಲ್ಲಿ ಒಬ್ಬರಿಗೆ ಸರಿ ಹೋಗುತ್ತದೆ. ಹಾಗಾಗಿ ಮೂವತ್ತು ಜನರಲ್ಲಿ ಕನಿಷ್ಠ ಹದಿನೈದು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಅಂತ ಬರೆಯಬಹುದು. ಲೆಕ್ಕ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಜನರನ್ನು ಹೊಂದಿಸುವುದು. ರುಚಿ ನೋಡುವ ಮುಂಚೆ ಒಂದು ಗಂಟೆ ಕಾಫಿ, ಎಲೆ ಅಡಿಕೆ ಮುಟ್ಟಬಾರದು. ಮೈಸೂರಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕಾಫಿ ಕುಡಿಯದ ಮೂವತ್ತು ಜನರನ್ನು ಎಲ್ಲಿಂದ ತರುವುದು? ಬಿಸಿಎಂ ಹಾಸ್ಟೆಲಿನ ಗೆಳತಿಯರನ್ನು ಬಿಸ್ಕತ್ತಿನ ಆಸೆ ತೋರಿಸಿ ಕರೆತಂದೆವು. "ಮೂರೂ ಚೆನ್ನಾಗೈತೆ, ಇನ್ನೊಂದು ಕೊಡು" ಅಂದವರೇ ಜಾಸ್ತಿ.

ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಪ್ಯಾಕೆಟ್ ಇಡ್ಲಿ ಹಿಟ್ಟು. ಎರಡು ಓದೂ ಒಂದೇ ಪಾತ್ರೆಯಲ್ಲಿ ಸಿಗುವ ವಿಷಯ ಅಂತ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾದ ಪಾತ್ರ 1965ರಲ್ಲೇ ಪ್ರಕಟವಾಗಿದೆ. ಉದ್ದಿನಬೇಳೆಯ ಜೊತೆಗೇ ಬರುತ್ತದೆ, ಯೀಸ್ಟ್ ಹಾಕಬೇಕಿಲ್ಲ. ಅದು ಬಿಡುವ ಗಾಳಿಯನ್ನು ಹಿಡಿದಿಡುವುದು ಉದ್ದಿನ ಅಂಟು ಮತ್ತು ಪ್ರೋಟೀನು. ಆ ಅಂಟಿನ ಮೇಲೆ ಸಿಎಫ್‌ಟಿಆರ್‌ಐಯವರು 1970ರ ದಶಕದಲ್ಲೇ ಕೆಲಸ ಮಾಡಿದ್ದಾರೆ. ಬೇಳೆ ಕಡಿಮೆ ಹಾಕಿದರೆ ಇಡ್ಲಿ ಕಲ್ಲಾಗುವುದು ಇದಕ್ಕೇ.

ಪ್ರಾಜೆಕ್ಟಿನ ಮೊದಲ ಮೀಟಿಂಗಿನಲ್ಲೇ ನಮ್ಮ ಗೈಡ್ ಕೇಳಿದರು. "ಟೋಟಲ್ ಪ್ಲೇಟ್ ಕೌಂಟ್ ಮಾಡ್ತೀನಿ ಅಂತ ಬರೆದಿದ್ದೀಯಲ್ಲಮ್ಮ, ಎಷ್ಟು ಬಂದರೆ ಹಿಟ್ಟು ಕೆಟ್ಟಿದೆ ಅಂತ ಹೇಳ್ತೀಯಾ?" ಒಳ್ಳೆಯ ಪ್ರಶ್ನೆ. ಹುಳಿ ಬಂದು ಉಬ್ಬಿದ ಒಳ್ಳೆಯ ಹಿಟ್ಟಿನಲ್ಲೇ ಗ್ರಾಂಗೆ ಹತ್ತಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಹಾಲಿಗೆ ಹಿಡಿಯುವ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಾರದು. ಆ ಸಾಲು ಹೊಡೆದು ಹಾಕಿದೆವು. ಬದಲಿಗೆ ಪಿಎಚ್, ಹುಳಿಯ ಪ್ರಮಾಣ, ಕೊಳಕಿನ ಗುರುತಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಯೀಸ್ಟು, ಇಡ್ಲಿಯ ಎತ್ತರ, ಜೊತೆಗೆ ತಿಂದವರ ಅಂಕ.

ಪ್ಯಾಕೆಟ್ಟುಗಳನ್ನು 4 ಡಿಗ್ರಿಯಲ್ಲಿಟ್ಟೆ. ಫ್ರಿಜ್ಜಿನಲ್ಲಿಟ್ಟರೆ ಎಲ್ಲಾ ನಿಂತುಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಲ್ಯೂಕೊನಾಸ್ಟಾಕ್‌ಗೆ ಚಳಿ ಅಷ್ಟಾಗಿ ತಾಗುವುದಿಲ್ಲ, ನಿಧಾನವಾಗಿ ದುಡಿಯುತ್ತಲೇ ಇರುತ್ತದೆ. ಪ್ಯಾಕೆಟ್ ದಿಂಬಿನ ಹಾಗೆ ಉಬ್ಬುತ್ತದೆ. ಅಂಗಡಿಯ ಹಿಟ್ಟಿನ ಕವರಿಗೆ ಕೆಲವರು ಸಣ್ಣ ತೂತು ಬಿಡುವುದು, ವಾಲ್ವ್ ಇಡುವುದು ಇದಕ್ಕೇ. ನನ್ನ ಪ್ಯಾಕೆಟ್ಟುಗಳಲ್ಲಿ ಪಿಎಚ್ ಇಳಿಯುತ್ತಾ ಹೋಯಿತು, ಅಂದರೆ ಹುಳಿ ಏರುತ್ತಾ ಹೋಯಿತು. ಕೋಲಿಫಾರ್ಮ್ ಏರಲಿಲ್ಲ, ಹುಳಿಯಲ್ಲಿ ಅವುಗಳಿಗೆ ಬದುಕು ಕಷ್ಟ. ಹಾಗಾದರೆ ಹಿಟ್ಟು ಯಾವಾಗ ಕೆಟ್ಟಿತು ಅಂತ ಬರೆಯುವುದು? ಗ್ರಾಫುಗಳಲ್ಲಿ ಎಲ್ಲೂ ಒಂದು ಸ್ಪಷ್ಟ ಗೆರೆ ಸಿಗಲಿಲ್ಲ.

ಸಿಕ್ಕಿದ್ದು ಹಾಸ್ಟೆಲ್ ಮೆಸ್ಸಿನ ಅಡುಗೆ ಭಟ್ಟರ ಬಾಯಲ್ಲಿ. ಉಳಿದ ಹಿಟ್ಟನ್ನು ಚೆಲ್ಲಲು ಮನಸ್ಸಾಗದೆ ಅವರಿಗೆ ಕೊಡಲು ಹೋಗಿದ್ದೆ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, ಸೌಟಿನಿಂದ ಒಮ್ಮೆ ಎತ್ತಿ ಬಿಟ್ಟು ನೋಡಿ ಹೇಳಿದರು. "ಇಡ್ಲಿಗೆ ಇದರ ಕಾಲ ಮುಗೀತು. ದೋಸೆಗೆ ಇವತ್ತು ಆಗುತ್ತೆ. ಈರುಳ್ಳಿ ಹಾಕಿ ಉತ್ತಪ್ಪ ಮಾಡಿದ್ರೆ ನಾಳೇನೂ ನಡೆಯುತ್ತೆ." ಒಂದೇ ಹಿಟ್ಟಿಗೆ ಮೂರು ಆಯಸ್ಸು! ನಾನು ಆಮೇಲೆ ಫಲಿತಾಂಶವನ್ನು ಹಾಗೇ ಜೋಡಿಸಿದೆ. ಇಡ್ಲಿಯ ಎತ್ತರ ಕುಸಿದ ದಿನ ಬೇರೆ, ದೋಸೆಗೆ ಜನ ಕಡಿಮೆ ಅಂಕ ಕೊಟ್ಟ ದಿನ ಬೇರೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಈ ಪುಟವನ್ನೇ ತಿರುವಿ ತಿರುವಿ ನೋಡಿದರು. ಭಟ್ಟರ ಹೆಸರನ್ನು ಕೃತಜ್ಞತೆಯ ಪುಟದಲ್ಲಿ ಹಾಕಿದ್ದಕ್ಕೆ ಕೆಲವರು ನಕ್ಕರು. ನನಗೇನೂ ಅನ್ನಿಸಲಿಲ್ಲ.

ಓದು ಮುಗಿದ ಮೇಲೆ ಕೆಲಸ. ಇಲ್ಲಿ ಸಿಹಿ ಮಾತು ಆಡುವ ಹಾಗಿಲ್ಲ. 2019ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋದಾಗ ಎಂ.ಎಸ್ಸಿ. ಆದವರಿಗೂ ಟ್ರೈನಿ ಅಂತ ಹೇಳಿ ತಿಂಗಳಿಗೆ 15,000ದ ಒಳಗೇ ಕೊಡುತ್ತಿದ್ದ ಕಡೆಗಳಿದ್ದವು. ಪಿ.ಜಿ.ಯಲ್ಲಿ ಇದ್ದು, ಊಟ ಮಾಡಿ, ಬಸ್ ಪಾಸ್ ತಗೊಂಡರೆ ಮುಗಿಯಿತು. ಒಂದು ಕಾರ್ಖಾನೆಯಲ್ಲಿ ಗ್ರಾಂ ಸ್ಟೇನಿಂಗ್, ಆಹಾರ ತಯಾರಿಯಲ್ಲಿ ಅಪಾಯ ತಡೆಯುವ ಎಚ್‌ಎಸಿಸಿಪಿ ಪದ್ಧತಿ ಎಲ್ಲಾ ಚೆನ್ನಾಗಿ ಕೇಳಿ, ಕೊನೆಗೆ "ಮದುವೆ ಯಾವಾಗ? ರಾತ್ರಿ ಪಾಳಿಗೆ ಹುಡುಗೀರನ್ನ ಹಾಕೋಕಾಗಲ್ಲ" ಅಂತ ಕಳಿಸಿದರು. ಅದೇ ಹುದ್ದೆಗೆ ನನ್ನ ಕ್ಲಾಸಿನ ಹುಡುಗನನ್ನು ತಗೊಂಡರು. ಅವನಿಗೆ ಪ್ಲೇಟ್ ಸುರಿಯಲು ಕಲಿಸಿದ್ದು ನಾನು.

ಪರೀಕ್ಷಾ ಲ್ಯಾಬುಗಳಲ್ಲಿ ಹೆಣ್ಣುಮಕ್ಕಳು ಜಾಸ್ತಿ. ನನಗೂ ಅಲ್ಲೇ ಸಿಕ್ಕಿತು. ನಮ್ಮ ಲ್ಯಾಬಿಗೆ ಎನ್‌ಎಬಿಎಲ್, ಅಂದರೆ ಪರೀಕ್ಷಾ ಲ್ಯಾಬುಗಳನ್ನು ತೂಗಿ ನೋಡುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದೆ. ಅಂದರೆ ಪ್ರತಿ ಕೆಲಸಕ್ಕೂ ಬರೆದಿಟ್ಟ ವಿಧಾನ, ಪ್ರತಿ ಥರ್ಮಾಮೀಟರಿಗೂ ಕ್ಯಾಲಿಬ್ರೇಶನ್, ಪ್ರತಿ ಅಂಕಿಗೂ ಸಹಿ. ಮಸಾಲೆ ಪುಡಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಹುಡುಕುವುದನ್ನೇ ತಗೊಳ್ಳಿ. 25 ಗ್ರಾಂ ಪುಡಿ, 225 ಎಂಎಲ್ ಪೆಪ್ಟೋನ್ ನೀರು, 37 ಡಿಗ್ರಿಯಲ್ಲಿ ರಾತ್ರಿಯಿಡೀ. ಒಣಗಿ ಅರೆಜೀವವಾಗಿರುವ ಬ್ಯಾಕ್ಟೀರಿಯಾ ಮೊದಲು ಚೇತರಿಸಿಕೊಳ್ಳಬೇಕಲ್ಲ, ಅದಕ್ಕೆ. ಮಾರನೇ ದಿನ ಉಳಿದವುಗಳನ್ನು ಅದುಮಿಡುವ ದ್ರವಕ್ಕೆ, 41.5 ಡಿಗ್ರಿ. ಆಮೇಲೆ ಎಕ್ಸ್‌ಎಲ್‌ಡಿ ಪ್ಲೇಟು. ಗುಲಾಬಿ ನೆಲದ ಮೇಲೆ ನಡುವೆ ಕಪ್ಪು ಇರುವ ಚುಕ್ಕಿ ಕಂಡರೆ ಎದೆ ಧಸಕ್. ಖಚಿತ ಮಾಡಿಕೊಳ್ಳಲು ಇನ್ನೂ ಒಂದೆರಡು ದಿನ. ಅಷ್ಟೂ ದಿನ ಮಾಲು ಗೋಡೌನಿನಲ್ಲಿ "ಹೋಲ್ಡ್" ಚೀಟಿ ಅಂಟಿಸಿಕೊಂಡು ಕೂತಿರುತ್ತದೆ. ಕಂಪನಿಯ ಮ್ಯಾನೇಜರ್ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. "ರಿಪೋರ್ಟ್ ಆಯ್ತಾ ಮೇಡಂ? ಲಾರಿ ನಿಂತಿದೆ." ಬ್ಯಾಕ್ಟೀರಿಯಾ ಬೆಳೆಯುವ ವೇಗವನ್ನು ಲಾರಿಗಾಗಿ ಜಾಸ್ತಿ ಮಾಡಲು ಬರುವುದಿಲ್ಲ ಅಂತ ಅವರಿಗೂ ಗೊತ್ತು. ಆದರೂ ಫೋನು.

ಇಲ್ಲಿ ನನ್ನ ಬಿ.ಎಸ್ಸಿ. ದಿನಾ ಕೆಲಸಕ್ಕೆ ಬರುತ್ತದೆ. ಎಂ.ಎಸ್ಸಿ. ಕೆಲಸಕ್ಕೆ ಬರುವುದು ರಿಪೋರ್ಟ್ ಕೊಟ್ಟ ಮೇಲೆ, "ಯೀಸ್ಟ್ ಇಷ್ಟು ಬಂದಿದೆಯಲ್ಲ, ಏನ್ ಮಾಡ್ಬೇಕು?" ಅಂತ ಸಣ್ಣ ಉದ್ಯಮದವರು ಕೇಳಿದಾಗ. ಆಗ ಸಕ್ಕರೆ ಎಷ್ಟು ಹಾಕುತ್ತೀರಿ, ಬಿಸಿ ಇರುವಾಗಲೇ ತುಂಬುತ್ತೀರಾ, ಬಾಟಲಿ ಒದ್ದೆ ಇರುತ್ತದಾ ಅಂತ ಕೇಳಲು ಗೊತ್ತಿರಬೇಕು.

ಸರ್ಕಾರಿ ಕೆಲಸದ ಆಸೆ ಇರುವವರು ಒಂದು ವಿಷಯ ಗಮನಿಸಬೇಕು. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಯ ನಿಯಮದಲ್ಲಿ ಯಾವ ಯಾವ ಡಿಗ್ರಿ ನಡೆಯುತ್ತದೆ ಅಂತ ಹೆಸರು ಹೆಸರಾಗಿ ಬರೆದಿದೆ. ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಎಲ್ಲಾ ಅದರಲ್ಲಿವೆ. ಈಗ ಕಾಲೇಜುಗಳು ಕೋರ್ಸಿಗೆ ಬಣ್ಣಬಣ್ಣದ ಹೆಸರು ಇಡುತ್ತಿವೆ. ಸೇರುವ ಮುಂಚೆ ಅಂಕಪಟ್ಟಿಯಲ್ಲಿ ಯಾವ ಹೆಸರು ಬರುತ್ತದೆ ಅಂತ ಕೇಳಿ, ನೇಮಕಾತಿ ಪ್ರಕಟಣೆಯ ಪಕ್ಕ ಇಟ್ಟು ನೋಡಿ. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಲ್ಯಾಬಿನ ಆಟೊಕ್ಲೇವ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಆ ವಾರ ಪ್ರಾಕ್ಟಿಕಲ್ ನಡೆದಿದೆ ಅಂತ ಅರ್ಥ. ಧೂಳು ಹಿಡಿದಿದ್ದರೆ ಬೇರೆ ಕಾಲೇಜು ನೋಡಿ.

ನಾನೀಗ ಫುಡ್ ಅನಲಿಸ್ಟ್ ಪರೀಕ್ಷೆಗೆ ಓದುತ್ತಿದ್ದೇನೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಡೆಸುವ ಪರೀಕ್ಷೆ. ಎಂ.ಎಸ್ಸಿ. ಆಗಿ, ಆಹಾರ ಪರೀಕ್ಷೆಯಲ್ಲಿ ಮೂರು ವರ್ಷದ ಅನುಭವ ಇರಬೇಕು. ಪಾಸಾದರೆ ರಿಪೋರ್ಟಿನ ಕೆಳಗೆ ಕಾನೂನಿನ ತೂಕ ಇರುವ ಸಹಿ ಹಾಕಬಹುದು. ಥಿಯರಿ ಜೊತೆ ಪ್ರಾಕ್ಟಿಕಲ್ ಕೂಡ ಇದೆ, ಅದರಲ್ಲಿ ಕೆಮಿಸ್ಟ್ರಿಯ ಭಯ ನನಗೆ. ತುಪ್ಪದಲ್ಲಿ ಕಲಬೆರಕೆ ಇದೆಯಾ ಅಂತ ನೋಡುವ ಆರ್‌ಎಂ ವ್ಯಾಲ್ಯೂ ಕೈಯಾರೆ ಮಾಡಿ ಬಹಳ ಕಾಲವಾಗಿದೆ. ಲ್ಯಾಬಿನ ಕೆಮಿಸ್ಟ್ರಿ ವಿಭಾಗದ ಹಿರಿಯರೊಬ್ಬರು ಶನಿವಾರ ಮಧ್ಯಾಹ್ನದ ಮೇಲೆ ಕೂರಿಸಿ ಹೇಳಿಕೊಡುತ್ತಿದ್ದಾರೆ. ಬದಲಿಗೆ ಅವರ ಮಗನಿಗೆ ಮೈಕ್ರೋಬಯಾಲಜಿ ಹೇಳಿಕೊಡುವುದು ನನ್ನ ಪಾಲಿನ ಕೆಲಸ. ಅವನು ಬಿ.ಎಸ್ಸಿ. ಮೊದಲ ವರ್ಷ, ಲ್ಯಾಟಿನ್ ಹೆಸರುಗಳ ಹತ್ತಿರವೇ ಇದ್ದಾನೆ.